ದಾರಿಯ ಮಾತಿನಿಂದ ರಂಗದ ಮಾತಿಗೆ: ಯಿಡ್ಡಿಷ್ ಕತೆಗಳು ಮತ್ತು ನಾವು

ನ್ಯೂಯಾರ್ಕ್ ನಗರದಲ್ಲಿ 1964ರ ಸೆಪ್ಟೆಂಬರ್ 22ರಂದು ಒಂದು ಸಂಗೀತ ನಾಟಕ ಆರಂಭವಾಯಿತು. ಹೆಸರು ‘ಫಿಡ್ಲರ್ ಆನ್ ದ ರೂಫ್’. ಮಾಡಿನ ಮೇಲೆ ನಿಂತು ಪಿಟೀಲು ಬಾರಿಸುವವನು ಎಂದು ಅದರ ಅರ್ಥ. ಆ ಮೊದಲ ರಂಗಪ್ರಯೋಗವೇ 3,242 ಪ್ರದರ್ಶನಗಳನ್ನು ಕಂಡಿತು. 1971ರಲ್ಲಿ ಅದು ಚಲನಚಿತ್ರವಾಯಿತು. ಹಲವು ದೇಶಗಳ ಭಾಷೆಗಳಿಗೆ ಹೋಯಿತು. ಗೋಕರ್ಣದವರಾದ ನಮ್ಮ ಜಯಂತ ಕಾಯ್ಕಿಣಿಯವರ ಕೈಯಲ್ಲಿ ‘ಜೊತೆಗಿರುವನು ಚಂದಿರ’ ಎಂಬ ಹೆಸರಿನಿಂದ ಕನ್ನಡದ ನಾಟಕವೂ ಆಯಿತು. ಪರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮೂಲವನ್ನೂ, ಊರಿನಲ್ಲಿರುವ ಕೆಲವರು ಕನ್ನಡದ ರೂಪವನ್ನೂ ನೋಡಿರಬಹುದು.

ಇಷ್ಟು ದೊಡ್ಡ ನಾಟಕದ ಬೇರು ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ನಮಗೆ ಸಿಗುವುದು ಯಾವುದೇ ಮಹಾಕಾವ್ಯವಲ್ಲ, ಅರಮನೆಯ ಚರಿತ್ರೆಯೂ ಅಲ್ಲ. ಹಾಲು, ಬೆಣ್ಣೆ ಮಾರಿ ಬದುಕುವ ಒಬ್ಬ ಬಡ ತಂದೆ ಆಗಾಗ ಭೇಟಿಯಾಗುವ ಒಬ್ಬ ಲೇಖಕನೊಡನೆ ತನ್ನ ಹೆಣ್ಣುಮಕ್ಕಳ ಮದುವೆಯ ಚಿಂತೆಯನ್ನು ತೋಡಿಕೊಂಡ ಮಾತುಗಳು, ಅಷ್ಟೇ. ಆ ಮಾತುಗಳು ಯಿಡ್ಡಿಷ್ ಭಾಷೆಯಲ್ಲಿದ್ದವು. ಪೂರ್ವ ಯುರೋಪಿನ ಬಡ ಯಹೂದ್ಯರ ಮನೆಮಾತು ಜಗತ್ತಿನ ಆಧುನಿಕ ರಂಗಭೂಮಿಗೆ ಏನನ್ನು ಕೊಟ್ಟಿತು, ಅದರಲ್ಲಿ ತುಳುನಾಡಿನವರಾದ ನಾವು ಯೋಚಿಸಬೇಕಾದದ್ದು ಏನು ಎಂಬುದನ್ನು ಇಲ್ಲಿ ನನಗೆ ತಿಳಿದಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಆ ಭಾಷೆಯ ಕುರಿತು ಎರಡು ಮಾತು. ಯಿಡ್ಡಿಷ್ ಭಾಷೆಯ ತಳಹದಿ ಮಧ್ಯಯುಗದ ಜರ್ಮನ್. ಅದರೊಳಗೆ ಹೀಬ್ರೂ, ಅರಮಾಯಿಕ್ ಮತ್ತು ಸ್ಲಾವ್ ಭಾಷೆಗಳ ಪದಗಳು ಸೇರಿವೆ. ಬರೆಯುವುದು ಹೀಬ್ರೂ ಲಿಪಿಯಲ್ಲಿ. ಬಜಪೆಯ ಪೇಟೆಯಲ್ಲಿ ದಿನವೂ ಕಿವಿಗೆ ಬೀಳುವ ಬ್ಯಾರಿ ಭಾಷೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ಮಲಯಾಳದ ನಂಟಿನ ಮಾತಿಗೆ ತುಳುವಿನ ಒಡನಾಟ, ಅದರ ಮೇಲೆ ಅರಬ್ಬಿ ಪದಗಳ ಲೇಪ ಸೇರಿ ಬ್ಯಾರಿ ಹೇಗೆ ತನ್ನದೇ ಆದ ಭಾಷೆಯಾಯಿತೋ ಯಿಡ್ಡಿಷ್ ಕೂಡ ಹಾಗೆಯೇ ಆಯಿತು. ಯಹೂದ್ಯರಿಗೆ ಹೀಬ್ರೂ ದೇವರ ಭಾಷೆ, ಗಂಡಸರು ಓದುವ ಶಾಸ್ತ್ರದ ಭಾಷೆ. ಯಿಡ್ಡಿಷ್ ತಾಯಿಯ ಭಾಷೆ, ಅಡಿಗೆಮನೆಯ ಮತ್ತು ಸಂತೆಯ ಭಾಷೆ. ವಿದ್ಯಾವಂತರೇ ಅದನ್ನು ಬಹುಕಾಲ ‘ಜಾರ್ಗನ್’, ಅಂದರೆ ಕಲಬೆರಕೆ ಮಾತು ಎಂದು ಹೀಗಳೆಯುತ್ತಿದ್ದರು. ತುಳುವಿಗೆ ಲಿಪಿಯೆಲ್ಲಿದೆ, ಸಾಹಿತ್ಯವೆಲ್ಲಿದೆ ಎಂದು ಕೇಳುವವರನ್ನು ಕಂಡ ನಮಗೆ ಈ ತಾತ್ಸಾರ ಅಪರಿಚಿತವಲ್ಲ.

ಶಾಸ್ತ್ರವು ಹೀಬ್ರೂವಿನ ಪಾಲಾದ್ದರಿಂದ ಕತೆಯು ಯಿಡ್ಡಿಷಿನ ಪಾಲಿಗೆ ಬಂದಿತು. ಊರೂರು ತಿರುಗಿ ದೃಷ್ಟಾಂತಗಳ ಮೂಲಕ ಧರ್ಮವನ್ನು ತಿಳಿಹೇಳುವ ‘ಮಗ್ಗಿದ್’ ಎಂಬ ಉಪದೇಶಕರಿದ್ದರು. ನಮ್ಮ ಹರಿದಾಸರ ಉಪಕತೆಗಳನ್ನು ಕೇಳಿದವರಿಗೆ ಇವರ ವಿಧಾನ ತಿಳಿಯುತ್ತದೆ. ಮದುವೆ ಮನೆಗಳಲ್ಲಿ ‘ಬದ್ಖನ್’ ಎಂಬಾತನಿರುತ್ತಿದ್ದ. ಆತ ಪ್ರಾಸಬದ್ಧವಾಗಿ ಆಶುಪದಗಳನ್ನು ಹೇಳಿ ಮೊದಲು ಮದುಮಗಳನ್ನು ಅಳಿಸಿ, ಬಳಿಕ ನೆಂಟರನ್ನು ನಗಿಸುತ್ತಿದ್ದ. ಪುರೀಂ ಹಬ್ಬದ ದಿನ ಯುವಕರು ವೇಷ ಕಟ್ಟಿ ಮನೆಮನೆಗೆ ಹೋಗಿ ಎಸ್ತೇರ್ ರಾಣಿಯ ಕತೆಯನ್ನು ಆಡಿ ತೋರಿಸುತ್ತಿದ್ದರು. ನಮ್ಮ ನವರಾತ್ರಿಯ ವೇಷಗಳು ಅಂಗಳಕ್ಕೆ ಬರುವ ಹಾಗೆ. ಬ್ರಾಸ್ಲಾವಿನ ರಬ್ಬಿ ನಾಖ್ಮನ್ ಎಂಬ ಸಂತರು ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಉಪದೇಶವನ್ನು ಕತೆಗಳ ರೂಪದಲ್ಲೇ ಹೇಳತೊಡಗಿದರು. ಅವರ ಶಿಷ್ಯರು 1815ರಲ್ಲಿ ಅವುಗಳನ್ನು ಹೀಬ್ರೂ ಮತ್ತು ಯಿಡ್ಡಿಷ್ ಎರಡರಲ್ಲೂ ಅಚ್ಚು ಹಾಕಿಸಿದರು.

ಹೀಗೆ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಕತೆಗೆ ವೃತ್ತಿರಂಗಭೂಮಿ ದೊರೆತದ್ದು 1876ರಲ್ಲಿ. ರೊಮೇನಿಯಾದ ಯಾಶ್ ಪಟ್ಟಣದ ಒಂದು ದ್ರಾಕ್ಷಾರಸದ ಅಂಗಡಿಯ ತೋಟದಲ್ಲಿ ಅವ್ರೋಮ್ ಗೋಲ್ಡ್‌ಫಾಡನ್ ಎಂಬ ಕವಿ ಹಾಡುಗಾರರನ್ನು ಕೂಡಿಸಿ ಆಟ ಆಡಿಸಿದ. 1883ರಲ್ಲಿ ರಷ್ಯದ ಝಾರ್ ಸರಕಾರ ಯಿಡ್ಡಿಷ್ ನಾಟಕಗಳನ್ನು ನಿಷೇಧಿಸಿದಾಗ ನಟರು ಲಂಡನ್ನಿಗೂ ನ್ಯೂಯಾರ್ಕಿಗೂ ವಲಸೆ ಹೋದರು. ನ್ಯೂಯಾರ್ಕಿನಲ್ಲಿ 1892ರಲ್ಲಿ ಯಾಕೋಬ್ ಗೊರ್ದಿನ್ ಷೇಕ್ಸ್‌ಪಿಯರನ ಲಿಯರ್ ಮಹಾರಾಜನನ್ನು ಒಬ್ಬ ಯಹೂದ್ಯ ಮನೆಯ ಯಜಮಾನನನ್ನಾಗಿ ಮಾಡಿ ನಾಟಕ ಬರೆದ. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1979ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ಯಕ್ಷಗಾನದ ನಡೆಯಲ್ಲಿ ‘ಬರ್ನಮ್ ವನ’ವನ್ನಾಗಿಸಿ ದಿಲ್ಲಿಯವರಿಗೆ ತೋರಿಸಿದ್ದನ್ನು ಇದರ ಜೊತೆಗಿಟ್ಟು ನೋಡಬಹುದು. ಪರರ ಕತೆಯನ್ನು ತನ್ನ ಅಂಗಳಕ್ಕೆ ತಂದು ಹೇಳುವ ಧೈರ್ಯ ಬಲವಾದ ಕಥನ ಪರಂಪರೆ ಇದ್ದವರಿಗೆ ಮಾತ್ರ ಬರುತ್ತದೆ.

ಗೊರ್ದಿನನ ಆ ಲಿಯರ್ ಪಾತ್ರವನ್ನು ಮಾಡಿದ ಜೇಕಬ್ ಆಡ್ಲರ್ ಯಿಡ್ಡಿಷ್ ರಂಗದ ಮಹಾನಟ. ಆತನ ಮಗಳು ಸ್ಟೆಲ್ಲಾ ಆಡ್ಲರ್ ಮುಂದೆ ಅಮೆರಿಕದ ಪ್ರಸಿದ್ಧ ಅಭಿನಯ ಗುರುವಾದಳು. ನಟ ಮಾರ್ಲನ್ ಬ್ರಾಂಡೊ ಆಕೆಯ ಶಿಷ್ಯ. ಅತ್ತ ಪ್ರಾಗ್ ನಗರದಲ್ಲಿ 1911ರ ಸುಮಾರಿಗೆ ಬಂದಿಳಿದ ಬಡ ಯಿಡ್ಡಿಷ್ ನಾಟಕ ತಂಡವೊಂದರ ಆಟಗಳನ್ನು ಫ್ರಾಂಜ್ ಕಾಫ್ಕಾ ಮತ್ತೆಮತ್ತೆ ಹೋಗಿ ನೋಡುತ್ತಿದ್ದ. ಪ್ರಭಾವ ಎಂಬುದು ಹೀಗೆ ಒಬ್ಬರಿಂದ ಒಬ್ಬರಿಗೆ ಸದ್ದಿಲ್ಲದೆ ದಾಟುವ ವಸ್ತು.

ಆದರೆ ಈ ಎಲ್ಲಕ್ಕಿಂತ ಮುಖ್ಯನಾದವನು ಶೋಲೆಮ್ ಅಲೈಖೆಮ್. ಈಗಿನ ಉಕ್ರೇನಿನಲ್ಲಿ 1859ರಲ್ಲಿ ಹುಟ್ಟಿದ ಸೊಲೊಮನ್ ರಬಿನೊವಿಚ್ ಇಟ್ಟುಕೊಂಡ ಕಾವ್ಯನಾಮವಿದು. ನಮ್ಮ ನೆರೆಯ ಮುಸಲ್ಮಾನ ಬಂಧುಗಳು ಎದುರಾದಾಗ ಹೇಳುವ ‘ಸಲಾಂ ಅಲೈಕುಂ’ ಮತ್ತು ಈ ಹೆಸರು ಒಡಹುಟ್ಟಿದ ಮಾತುಗಳು. ನಿಮಗೆ ಶಾಂತಿಯಿರಲಿ ಎಂದೇ ಎರಡರ ಅರ್ಥ. ಎದುರಿಗೆ ಬಂದವರನ್ನು ಮಾತಾಡಿಸುವ ನಮಸ್ಕಾರವನ್ನೇ ಹೆಸರಾಗಿ ಇಟ್ಟುಕೊಂಡ ಲೇಖಕ ಆತ. 1916ರಲ್ಲಿ ನ್ಯೂಯಾರ್ಕಿನಲ್ಲಿ ಆತ ತೀರಿಕೊಂಡಾಗ ಶವಯಾತ್ರೆಗೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು.

1894ರಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಆತ ಬಿಡಿಬಿಡಿಯಾಗಿ ಬರೆದ ಕತೆಗಳಲ್ಲಿ ಹಾಲಿನ ತೆವ್ಯೆ ಬರುತ್ತಾನೆ. ಈ ಕತೆಗಳಲ್ಲಿ ಲೇಖಕ ಸುಮ್ಮನೆ ಕೇಳುತ್ತಾನೆ, ಮಾತೆಲ್ಲ ತೆವ್ಯೆಯದು. ಹಿರಿಯ ಮಗಳು ಶ್ರೀಮಂತ ಕಟುಕನನ್ನು ಬಿಟ್ಟು ಬಡ ದರ್ಜಿಯನ್ನು ವರಿಸಿದ್ದು, ಎರಡನೆಯವಳು ಕ್ರಾಂತಿಕಾರಿಯ ಹಿಂದೆ ಗಡೀಪಾರಿನ ನಾಡಿಗೆ ಹೊರಟದ್ದು, ಮೂರನೆಯವಳು ಅನ್ಯಧರ್ಮದವನನ್ನು ಮದುವೆಯಾದದ್ದು, ಹೀಗೆ ಒಂದೊಂದು ಭೇಟಿಗೆ ಒಂದೊಂದು ಸುದ್ದಿ. ಹೇಳುವಾಗ ಆತ ಮಾತಿಗೊಮ್ಮೆ ಶಾಸ್ತ್ರವಾಕ್ಯವನ್ನು ಎಳೆದು ತರುತ್ತಾನೆ, ಅದಕ್ಕೆ ತನಗೆ ಬೇಕಾದ ಅರ್ಥ ಹೇಳುತ್ತಾನೆ, ಆ ಅರ್ಥವೋ ಮೂಲಕ್ಕೆ ಸಂಬಂಧವೇ ಇಲ್ಲದ್ದು! ಕೇಳುವವನಿಗೆ ನಗು, ಆದರೆ ಆ ನಗುವಿನ ಅಡಿಯಲ್ಲಿ ದೇವರನ್ನು ನೇರವಾಗಿ ಪ್ರಶ್ನಿಸುವ ಒಬ್ಬ ನೊಂದ ತಂದೆಯಿದ್ದಾನೆ.

ನಮ್ಮ ತಾಳಮದ್ದಳೆ ಕೂಡ ಇದೇ ಬಗೆಯದಲ್ಲವೇ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ. ಪದ್ಯದ ನಾಲ್ಕು ಸಾಲಿಗೆ ಅರ್ಥಧಾರಿಯು ಅರ್ಧ ಗಂಟೆ ಮಾತಾಡುತ್ತಾನೆ. ಪುರಾಣದ ವಾಲಿಯು ರಾಮನನ್ನು ಕೇಳುವ ಪ್ರಶ್ನೆಗಳಲ್ಲಿ ಊರಿನ ಪಂಚಾಯತಿಯ ನ್ಯಾಯವೂ, ಅಣ್ಣತಮ್ಮಂದಿರ ಪಾಲುಪಟ್ಟಿಯ ನೋವೂ ಸೇರಿಕೊಳ್ಳುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯ ಅರ್ಥವನ್ನು ಕೇಳಿದ ರಾತ್ರಿಗಳಲ್ಲಿ, ರಾಮನೇ ಉತ್ತರ ಹೇಳಬೇಕಾಗಿದೆ ಎಂದು ಸಭೆಯಲ್ಲಿದ್ದ ನಮಗೆಲ್ಲ ಅನಿಸುತ್ತಿತ್ತು. ಬಾಣ ತಗುಲಿ ಬಿದ್ದ ವಾಲಿಯೂ ಮಗಳನ್ನು ಕಳೆದುಕೊಂಡ ತೆವ್ಯೆಯೂ ತಮ್ಮ ತಮ್ಮ ದೇವರನ್ನು ಕೇಳುವುದು ಒಂದೇ ಪ್ರಶ್ನೆಯನ್ನು: ಇದು ನ್ಯಾಯವೇ? ಶಾಸ್ತ್ರವನ್ನು ಬಲ್ಲ ಸಾಮಾನ್ಯನು ಶಾಸ್ತ್ರದ ಮಾತಿನಲ್ಲೇ ದೇವರೊಡನೆ ವಾದಕ್ಕೆ ನಿಲ್ಲುವ ಈ ಪರಿ ಎರಡು ನಾಡುಗಳಲ್ಲಿ ಒಂದನ್ನೊಂದು ಅರಿಯದೆಯೇ ಬೆಳೆದದ್ದು ನನಗೆ ಇಂದಿಗೂ ವಿಸ್ಮಯ.

ತೆವ್ಯೆಯ ಕತೆಗಳ ಕೊನೆಯ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಅನ್ಯಧರ್ಮದವನನ್ನು ವರಿಸಿದ ಖಾವಾಳನ್ನು ತಂದೆ ಸತ್ತವಳೆಂದು ತೀರ್ಮಾನಿಸಿ ಸೂತಕ ಆಚರಿಸಿದ್ದಾನೆ. ಬಳಿಕ ಯಹೂದ್ಯರೆಲ್ಲ ಹಳ್ಳಿ ಬಿಟ್ಟು ಹೋಗಬೇಕೆಂದು ಸರಕಾರದ ಆಜ್ಞೆಯಾಗುತ್ತದೆ. ಗಂಟುಮೂಟೆ ಕಟ್ಟುವ ಹೊತ್ತಿಗೆ ಖಾವಾ ಬಂದು ಎದುರು ನಿಲ್ಲುತ್ತಾಳೆ. ಆಗ ತಾನು ಏನು ಮಾಡಬೇಕಾಗಿತ್ತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂಬ ಭಾರವನ್ನು ತೆವ್ಯೆ ಕೇಳುಗನ ಮೇಲೆ ಹೊರಿಸುತ್ತಾನೆ. ಸಂಗೀತ ನಾಟಕದಲ್ಲಿ ಈ ಸನ್ನಿವೇಶ ಬೇರೆ ತೆರನಾಗಿದೆ. ಅಲ್ಲಿ ಮಗಳು ಗಂಡನೊಡನೆ ಹೊರಟುಹೋಗುವಾಗ ತಂದೆ ಮೆಲ್ಲನೆ ಒಂದು ಹರಕೆಯ ಮಾತನ್ನಷ್ಟೇ ಆಡುತ್ತಾನೆ. ಆದರೂ ಕೇಳುಗನನ್ನು ಕತೆಯೊಳಗೆ ಎಳೆದುಕೊಳ್ಳುವ ಗುಣ ಉಳಿದುಕೊಂಡಿದೆ. ರಂಗದ ಮೇಲಿನ ತೆವ್ಯೆ ಪ್ರೇಕ್ಷಕರನ್ನೇ ನೋಡಿ ಮಾತಾಡುತ್ತಾನೆ, ಮರುಕ್ಷಣ ತಲೆಯೆತ್ತಿ ದೇವರೊಡನೆ ಮಾತಾಡುತ್ತಾನೆ. ಯಿಡ್ಡಿಷ್ ಕಥನವು ಆಧುನಿಕ ರಂಗಭೂಮಿಗೆ ಕೊಟ್ಟ ದೊಡ್ಡ ಕಾಣಿಕೆ ಈ ಮಾತಾಡಿಸುವ ಗುಣವೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಕಾಣಿಕೆ ‘ದಿಬ್ಬುಕ್’. ಅನ್‌ಸ್ಕಿ ಎಂಬ ಲೇಖಕ 1912ರಿಂದ 1914ರವರೆಗೆ ತನ್ನ ಸಂಗಡಿಗರೊಂದಿಗೆ ಉಕ್ರೇನಿನ ಹಳ್ಳಿಗಳಲ್ಲಿ ತಿರುಗಿ, ಮುದುಕರ ಬಾಯಿಂದ ಕತೆಗಳನ್ನು ಬರೆದುಕೊಂಡು, ಹಾಡುಗಳನ್ನು ಮೇಣದ ಸುರುಳಿಗಳಲ್ಲಿ ಧ್ವನಿಮುದ್ರಿಸಿದ. ಆ ತಿರುಗಾಟದಿಂದ ಹುಟ್ಟಿದ ನಾಟಕವೇ ಇದು. ಪ್ರೀತಿಸಿದವಳನ್ನು ಪಡೆಯದೆ ಸತ್ತ ತರುಣನ ಆತ್ಮ ಮದುವೆಯ ದಿನವೇ ಆ ಹುಡುಗಿಯ ಮೈಮೇಲೆ ಬಂದು ಅವಳ ಬಾಯಿಯಿಂದ ಮಾತಾಡುತ್ತದೆ. ಕೊಟ್ಟ ಮಾತಿಗೆ ತಪ್ಪಿದ ಅವಳ ತಂದೆಯ ಮೇಲೆ ಸತ್ತವನೊಬ್ಬ ದಾವೆ ಹೂಡಿ, ರಬ್ಬಿಯ ಮುಂದೆ ವಿಚಾರಣೆ ನಡೆಯುತ್ತದೆ. ನಾಟಕವನ್ನು ರಂಗದಲ್ಲಿ ಕಾಣುವ ಭಾಗ್ಯ ಅನ್‌ಸ್ಕಿಗೆ ಇರಲಿಲ್ಲ. 1920ರ ನವೆಂಬರಿನಲ್ಲಿ ಆತ ತೀರಿಕೊಂಡ ಮೂವತ್ತು ದಿನಗಳ ಶೋಕದ ಅವಧಿ ಮುಗಿದಾಗ ವಾರ್ಸಾದಲ್ಲಿ ವಿಲ್ನಾ ತಂಡ ಅದನ್ನು ಆಡಿತು. 1922ರಲ್ಲಿ ವಖ್ತಾಂಗೊವ್ ಮಾಸ್ಕೋದಲ್ಲಿ ಹೀಬ್ರೂ ಭಾಷೆಯಲ್ಲಿ ಅದನ್ನು ನಿರ್ದೇಶಿಸಿದ್ದು ಆಧುನಿಕ ರಂಗಚರಿತ್ರೆಯ ಮೈಲಿಗಲ್ಲೆನಿಸಿತು.

ಕವತ್ತಾರಿನ ಸಿರಿಜಾತ್ರೆಯನ್ನು ಕಂಡವರಿಗೆ ಈ ನಾಟಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪಮಾನ ಮಾಡಿದ ಗಂಡನನ್ನು ತೊರೆದು ಹೊರಟ ಸಿರಿಯ ಪಾಡ್ದನವನ್ನು ಹಾಡುತ್ತ ಹಾಡುತ್ತ ನೂರಾರು ಹೆಂಗಸರು ತಾವೇ ಸಿರಿಗಳಾಗಿ, ಮನೆಯಲ್ಲಿ ಆಡಲಾರದ ಮಾತನ್ನು ಅಲ್ಲಿ ಆಡುತ್ತಾರೆ. ನಮ್ಮಲ್ಲೂ ಸಂಗ್ರಹಕಾರರು ಬಂದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮ್ಯಾನರ್ ಎಂಬ ಪಾದ್ರಿಗಳ ಪಾಡ್ದನ ಸಂಗ್ರಹ 1886ರಲ್ಲೇ ಹೊರಬಂದಿತು. ಫಿನ್ಲೆಂಡಿನ ಲೌರಿ ಹಾಂಕೊ ಅವರು ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಂದಿಗೆ 1990ರಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಕೋಟಿ ಚೆನ್ನಯರ ಕತೆಯಂತೂ ಪಾಡ್ದನದಿಂದ ಯಕ್ಷಗಾನಕ್ಕೆ, ನಾಟಕಕ್ಕೆ, 1973ರಲ್ಲಿ ತುಳು ಚಲನಚಿತ್ರಕ್ಕೆ ನಡೆದು ಬಂದಿದೆ.

ಯಿಡ್ಡಿಷಿನ ಮುಂದಿನ ಚರಿತ್ರೆ ದಾರುಣವಾದದ್ದು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಒಂದು ಕೋಟಿಗೂ ಮಿಕ್ಕಿ ಜನರ ಮಾತಾಗಿದ್ದ ಭಾಷೆಯದು. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದ್ಯರಲ್ಲಿ ಬಹುಪಾಲು ಜನರ ಮನೆಮಾತು ಯಿಡ್ಡಿಷ್ ಆಗಿತ್ತು. ಕೇಳುವವರೂ ಹೇಳುವವರೂ ಒಟ್ಟಿಗೆ ಇಲ್ಲವಾದರು. ಸೋವಿಯತ್ ರಷ್ಯದಲ್ಲಿ ಲಿಯರ್ ಮತ್ತು ತೆವ್ಯೆಯ ಪಾತ್ರಗಳಿಂದ ಖ್ಯಾತನಾದ ಸೊಲೊಮನ್ ಮಿಖೊಯೆಲ್ಸ್ ಎಂಬ ನಟನನ್ನು 1948ರ ಜನವರಿಯಲ್ಲಿ ಸ್ಟಾಲಿನ್ನನ ಆಜ್ಞೆಯಂತೆ ಕೊಲ್ಲಲಾಯಿತು. ಮರುವರ್ಷ ಆತನ ರಂಗಶಾಲೆಯನ್ನೂ ಮುಚ್ಚಲಾಯಿತು. ಹೀಗಿರುವಾಗ 1964ರ ಆ ನಾಟಕವನ್ನು ನೋಡಿದವರು ನಕ್ಕದ್ದೂ ಅತ್ತದ್ದೂ ಕೇವಲ ಒಬ್ಬ ಹಾಲಿನವನಿಗಾಗಿ ಅಲ್ಲ, ಇಲ್ಲವಾದ ಒಂದು ಲೋಕಕ್ಕಾಗಿ. ಯಿಡ್ಡಿಷಿನಲ್ಲೇ ಬರೆಯುತ್ತಿದ್ದ ಐಸಾಕ್ ಬಾಶೆವಿಸ್ ಸಿಂಗರ್ ಅವರಿಗೆ 1978ರಲ್ಲಿ ನೊಬೆಲ್ ಬಹುಮಾನ ಬಂದಿತು. 2018ರಲ್ಲಿ ನ್ಯೂಯಾರ್ಕಿನ ಯಿಡ್ಡಿಷ್ ನಾಟಕ ಸಂಸ್ಥೆಯೊಂದು ‘ಫಿಡ್ಲರ್’ ನಾಟಕವನ್ನು ಯಿಡ್ಡಿಷಿನಲ್ಲೇ ಆಡಿತು. ಇಂಗ್ಲಿಷಿಗೆ ಹೋಗಿದ್ದ ಕತೆ ಹೀಗೆ ತನ್ನ ತಾಯಿಯ ಮಾತಿಗೆ ಮರಳಿತು. ಆದರೆ ಕುಳಿತು ನೋಡಿದವರಲ್ಲಿ ಹೆಚ್ಚಿನವರಿಗೆ ಅನುವಾದದ ನೆರವು ಬೇಕಾಗಿತ್ತು ಎಂಬುದನ್ನೂ ಮರೆಯಬಾರದು. ರಂಗಭೂಮಿ ಕತೆಯನ್ನು ಉಳಿಸಿತು, ಕತೆ ಹೇಳುವ ಅಂಗಳವನ್ನು ಉಳಿಸಲು ಅದಕ್ಕೆ ಸಾಧ್ಯವಾಗಲಿಲ್ಲ.

ಕನ್ನಡಕ್ಕೆ ಬರೋಣ. ಹೇಳದೆ ಉಳಿದ ಕತೆ ಸುಮ್ಮನಿರುವುದಿಲ್ಲ, ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಜನಪದರಲ್ಲಿದೆ. ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಇಂತಹ ಎರಡು ಜನಪದ ಕತೆಗಳನ್ನು ಹೆಣೆದು ‘ನಾಗಮಂಡಲ’ ಬರೆದರು. ಅದರಲ್ಲಿ ಊರ ದೀಪಗಳು ರಾತ್ರಿ ಗುಡಿಯಲ್ಲಿ ಸೇರಿ ಹರಟುತ್ತವೆ, ಕತೆಯೇ ಹೆಣ್ಣಾಗಿ ಬಂದು ತನ್ನನ್ನು ಕೇಳಿರೆಂದು ಬೇಡುತ್ತದೆ. 1993ರಲ್ಲಿ ಅಮೆರಿಕದ ಗತ್ರಿ ರಂಗಮಂದಿರದಲ್ಲಿ ಆ ನಾಟಕ ಇಂಗ್ಲಿಷಿನಲ್ಲಿ ಪ್ರಯೋಗವಾಯಿತು. ಅಲ್ಲಿಂದ ತೆವ್ಯೆಯ ಕತೆ ಇಲ್ಲಿಗೆ ಬಂದಂತೆ, ಇಲ್ಲಿಯ ಅಜ್ಜಿಕತೆ ಅಲ್ಲಿಗೆ ಹೋಯಿತು.

ಕಾಯ್ಕಿಣಿಯವರು ‘ಜೊತೆಗಿರುವನು ಚಂದಿರ’ದಲ್ಲಿ ರಷ್ಯದ ಯಹೂದ್ಯ ಹಳ್ಳಿಯನ್ನು ನಮ್ಮ ದೇಶವಿಭಜನೆಯ ಕಾಲಕ್ಕೆ ತಂದು, ತೆವ್ಯೆಯ ಸ್ಥಾನದಲ್ಲಿ ಒಬ್ಬ ಮುಸಲ್ಮಾನ ತಂದೆಯನ್ನು ನಿಲ್ಲಿಸಿದ್ದಾರೆ. ನೆರೆಯವರು ಬೇರೆಯವರಾಗಿ ಕಾಣತೊಡಗುವ ಕಾಲ, ಊರು ಬಿಡಬೇಕೇ ಉಳಿಯಬೇಕೇ ಎಂಬ ಸಂಕಟ. ಮೂಲದ ಜೀವ ಹೋಗದಂತೆ ನಮ್ಮದಾಗಿಸುವ ಕ್ರಮ ಇದು. 2022ರ ಜುಲೈ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಆನವಟ್ಟಿಯಲ್ಲಿ ಈ ನಾಟಕ ನಡೆಯುತ್ತಿದ್ದಾಗ ಕೆಲವರು ಬಂದು ಆಕ್ಷೇಪಿಸಿ ಪ್ರದರ್ಶನವನ್ನು ನಿಲ್ಲಿಸಿದರು. ಮುಸಲ್ಮಾನ ಪಾತ್ರಗಳ ಕತೆ ಎಂಬುದೇ ಆಕ್ಷೇಪವಾಗಿತ್ತೆಂದು ಪತ್ರಿಕೆಗಳಲ್ಲಿ ಓದಿದೆ. ‘ಫಿಡ್ಲರ್’ ನಾಟಕದ ಮೊದಲ ಅಂಕ ಮುಗಿಯುವುದು ಹಿರಿಯ ಮಗಳ ಮದುವೆಯ ಸಂಭ್ರಮದೊಳಗೆ ಕೆಲವರು ನುಗ್ಗಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡುವುದರೊಂದಿಗೆ ಎಂಬುದು ಆಗ ನನ್ನ ನೆನಪಿಗೆ ಬಂದಿತು.

ನಮ್ಮ ಕರಾವಳಿಯ ಪರಂಪರೆ ಏನನ್ನು ಹೇಳುತ್ತದೆ? ಮುಲ್ಕಿಯ ಬಪ್ಪನಾಡು ಕ್ಷೇತ್ರದ ಐತಿಹ್ಯದಲ್ಲಿ ದೇವಿಯ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕ. ಆ ಐತಿಹ್ಯವೇ ಯಕ್ಷಗಾನ ಪ್ರಸಂಗವಾಗಿದೆ. ವಾಲಿ, ರಾವಣರ ಪಾತ್ರಗಳಲ್ಲಿ ಮೆರೆದ ಅದೇ ಶೇಣಿಯವರು ಬಪ್ಪ ಬ್ಯಾರಿಯ ಪಾತ್ರದಲ್ಲೂ ಹೆಸರಾದರು. ಅದನ್ನು ನೋಡಲು ಗದ್ದೆಯಲ್ಲಿ ಹಾಕಿದ ಚಾಪೆಗಳ ಮೇಲೆ ಎಲ್ಲ ಜಾತಿ ಮತಗಳವರೂ ಕುಳಿತಿರುತ್ತಿದ್ದರು. ನೆರೆಯವನ ಪಾತ್ರವನ್ನು ಗೌರವದಿಂದ ಆಡಿ ತೋರಿಸುವುದು, ಅವನ ಮಾತಿಗೆ ಕಿವಿಗೊಡುವುದು ನಾಟಕದ ಮೊದಲ ಧರ್ಮವೆಂದು ನಾನು ಕಲಿತದ್ದು ಆ ಗದ್ದೆಗಳಲ್ಲಿ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಈಗ ಆ ಗದ್ದೆಗಳಲ್ಲಿ ಬಹುಪಾಲು ಉಳಿದಿಲ್ಲ. ಕೆಲವು ಅಡಿಕೆ ತೋಟಗಳಾದವು, ಕೆಲವು ನಿವೇಶನಗಳಾದವು. ನೇಜಿ ನೆಡುತ್ತ ಪಾಡ್ದನ ಹೇಳುತ್ತಿದ್ದ ಹೆಂಗಸರ ಸಾಲು ಕಾಣುವುದು ಅಪರೂಪವಾಗಿದೆ. ಕಟೀಲಿನ ಮೇಳಗಳಿಗೆ ಹರಕೆಯಾಟಕ್ಕಾಗಿ ವರ್ಷಗಟ್ಟಲೆ ಕಾಯುವ ಜನ ಈಗಲೂ ಇದ್ದಾರೆ, ಅದು ಸಂತೋಷ. ಆದರೆ ಆಟಕ್ಕೆ ಬೇರಾಗಿದ್ದ ಮನೆಯ ಕತೆಯ ಸ್ಥಿತಿ ಹಾಗಿಲ್ಲ. ತರಗತಿಯಲ್ಲಿ ಪುಸ್ತಕ ಓದಲು ತಡವರಿಸುತ್ತಿದ್ದ ಹುಡುಗರು, ಮನೆಯಲ್ಲಿ ಕೇಳಿದ ಕತೆಯನ್ನು ಮನೆಯ ಮಾತಿನಲ್ಲೇ ಹೇಳಿ ಎಂದಾಗ ಎದ್ದುನಿಂತು ಹುಲಿಯ, ಮುದುಕಿಯ, ರಾಕ್ಷಸನ ದನಿಗಳನ್ನೆಲ್ಲ ಹೊರಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ನಾಟಕಕಾರನಿಗೂ ನಟನಿಗೂ ಬೇಕಾದ ಮೊದಲ ಬಂಡವಾಳ ಅವರಲ್ಲಿತ್ತು. ಅವರಿಗೆ ಅದನ್ನು ಕೊಟ್ಟದ್ದು ಒಬ್ಬ ಅಜ್ಜಿ, ಒಬ್ಬ ಸೋದರಮಾವ, ಒಬ್ಬ ಕೆಲಸದ ಹೆಂಗಸು.

ಯಿಡ್ಡಿಷಿನ ಅಂಗಳವನ್ನು ಪರರು ಸುಟ್ಟರು. ನಮ್ಮ ಅಂಗಳಕ್ಕೆ ಯಾರೂ ಬೆಂಕಿ ಹಚ್ಚಿಲ್ಲ. ಅದು ಬರಿದಾಗುತ್ತಿದ್ದರೆ ಕಾರಣ ನಾವು ಕೇಳುವುದನ್ನು ಬಿಟ್ಟದ್ದು. ಆದ್ದರಿಂದ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅವರ ಬಳಿ ಒಂದು ಗಂಟೆ ಕುಳಿತು ಕತೆ ಕೇಳಿರಿ. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕನ್ನಡವೋ, ಅವರು ಹೇಳಿದ ಮಾತಿನಲ್ಲೇ ಕೈಯಲ್ಲಿರುವ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಹೇಳಿದವರ ಒಪ್ಪಿಗೆಯಿದ್ದರೆ ನನಗೂ ಕಳುಹಿಸಿರಿ. ಬರೆದಿಡುವ ಕೆಲಸ ನನ್ನದು, ಕೈ ಆಡುವವರೆಗೆ ಮಾಡುತ್ತೇನೆ.